ಹಿತ್ತಲ ಮರದ ಚಕ್ಕೆ: ಮದ್ದು ಹೌದೋ ಅಲ್ಲವೋ?

ಮಂಡಿ ನೋವಿಗೆ, ಸೊಂಟ ನೋವಿಗೆ ಮರದ ಚಕ್ಕೆಯ ಕಷಾಯ ಕುಡಿಯುವವರು ನಮ್ಮಲ್ಲಿ ಬಹಳ. ಅದು ನಿಜಕ್ಕೂ ಕೆಲಸ ಮಾಡುತ್ತಾ? ಮಾಡಿದರೆ ಎಷ್ಟು? ಯಾರು ಕುಡಿಯಬಾರದು? ಒಂದೇ ಒಂದು ಮರದ ಚಕ್ಕೆಯನ್ನು 250 ವರ್ಷ ಪರೀಕ್ಷೆ ಮಾಡುತ್ತಾ ಬಂದ ಕಥೆ ಇಲ್ಲಿದೆ. ಓದಿ, ಆಮೇಲೆ ಒಲೆ ಹಚ್ಚಿ!

"ಮಂಡಿ ನೋವು ಕಣ್ರೀ" ಅಂತ ಒಮ್ಮೆ ಬಾಯಿ ಬಿಟ್ಟು ನೋಡಿ. ಮದುವೆ ಮನೆಯಾಗಲಿ, ಬಸ್ ಸ್ಟಾಪಾಗಲಿ, ತರಕಾರಿ ಗಾಡಿಯ ಮುಂದೆಯೇ ಆಗಲಿ, ಐದು ನಿಮಿಷದೊಳಗೆ ನಾಲ್ಕು ಔಷಧಿ ಪುಕ್ಕಟೆಯಾಗಿ ಸಿಗುತ್ತವೆ. "ನುಗ್ಗೆ ಮರದ ಚಕ್ಕೆ ಅರೆದು ಪಟ್ಟು ಹಾಕಿ", "ಗ್ರಂಧಿಗೆ ಅಂಗಡಿಯಿಂದ ಚಕ್ಕೆ ತಂದು ಕುದಿಸಿ ಕುಡೀರಿ, ವಾರದಲ್ಲಿ ಮೆಟ್ಟಿಲು ಹತ್ತುತ್ತೀರಿ", "ನಮ್ಮ ಚಿಕ್ಕಮ್ಮನಿಗೆ ಅದರಿಂದಲೇ ವಾಸಿಯಾಯ್ತು ಗೊತ್ತಾ?"

ಹೇಳುವವರ ಮನಸ್ಸು ಒಳ್ಳೆಯದೇ. ಅವರ ಚಿಕ್ಕಮ್ಮನಿಗೆ ಗುಣವಾಗಿದ್ದೂ ನಿಜವಿರಬಹುದು. ಆದರೆ ನೋವು ಅನ್ನೋದು ವಿಚಿತ್ರ. ಇವತ್ತು ಜಾಸ್ತಿ ಇದ್ದದ್ದು ನಾಳೆ ತಾನಾಗಿಯೇ ಕಡಿಮೆಯಾಗುತ್ತೆ. ಮಗಳು ಊರಿಂದ ಬಂದಳು ಅಂದ್ರೆ ಅರ್ಧ ನೋವು ಮಾಯ! ಹೀಗಿರುವಾಗ ವಾಸಿ ಮಾಡಿದ್ದು ಕಷಾಯವೋ, ವಿಶ್ರಾಂತಿಯೋ, ಮಗಳೋ ಎಂದು ಹೇಳುವುದು ಹೇಗೆ?

ಇನ್ನೊಂದು ಕಡೆಯವರೂ ಇದ್ದಾರೆ. "ಈ ಚಕ್ಕೆ, ಬೇರು ಎಲ್ಲಾ ಬರೀ ಭ್ರಮೆ" ಎಂದು ಒಂದೇ ಮಾತಲ್ಲಿ ತಳ್ಳಿಹಾಕುವವರು. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ನಂಬುವುದು, ತಳ್ಳಿಹಾಕುವುದು ಎರಡೂ ಸುಲಭ. ಪರೀಕ್ಷೆ ಮಾಡುವುದೇ ಕಷ್ಟ. ಆ ಕಷ್ಟ ಪಟ್ಟವರ ಕಥೆ ಕೇಳಿದರೆ ನಮ್ಮ ಅಡುಗೆ ಮನೆಯ ಕಷಾಯಕ್ಕೂ ಒಂದಿಷ್ಟು ಬುದ್ಧಿ ಸಿಗುತ್ತದೆ.

ಬ್ಯಾಟಿನ ಮರದ ಕಹಿ

ನಿಮ್ಮ ಮನೆಯ ಹುಡುಗರು ಕ್ರಿಕೆಟ್ ಆಡುತ್ತಾರಾ? ಹಾಗಾದರೆ ವಿಲ್ಲೋ ಎಂಬ ಮರದ ಹೆಸರು ಕೇಳಿರುತ್ತೀರಿ. ಬ್ಯಾಟು ಮಾಡುವುದು ಅದರಿಂದಲೇ. ತಂಪು ಸೀಮೆಯಲ್ಲಿ, ನೀರಿನ ದಡದಲ್ಲಿ ಬೆಳೆಯುವ ಮರ ಅದು. ಯೂರೋಪಿನಲ್ಲಿ ಬಹಳ ಹಿಂದಿನಿಂದಲೂ ನೋವಿಗೆ, ಜ್ವರಕ್ಕೆ ಈ ಮರದ ಚಕ್ಕೆಯನ್ನು ಬಳಸುತ್ತಿದ್ದರು. ನಮ್ಮಲ್ಲಿ ಅಜ್ಜಿ ಮದ್ದು ಇದ್ದ ಹಾಗೆ ಅವರಲ್ಲಿ ಅದು.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ಚಿಪ್ಪಿಂಗ್ ನಾರ್ಟನ್ ಅಂತ ಒಂದು ಊರು. ಅಲ್ಲಿದ್ದ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ ಒಂದು ದಿನ ವಿಲ್ಲೋ ಚಕ್ಕೆಯ ಚೂರನ್ನು ಬಾಯಿಗೆ ಹಾಕಿಕೊಂಡರು. ಕಹಿ ಅಂದ್ರೆ ಅಂಥಿಂಥ ಕಹಿಯಲ್ಲ. ಆ ಕಾಲದಲ್ಲಿ ಚಳಿಜ್ವರಕ್ಕೆ ದಕ್ಷಿಣ ಅಮೆರಿಕದಿಂದ ಬರುತ್ತಿದ್ದ ಸಿಂಕೋನಾ ಚಕ್ಕೆಯೂ ಹೀಗೇ ಕಹಿ. ಅದು ತುಂಬಾ ದುಬಾರಿ. 'ಎರಡೂ ಕಹಿ, ಹಾಗಾದರೆ ಗುಣವೂ ಒಂದೇ ಇರಬಹುದಾ?' ಎಂಬ ಅನುಮಾನ ಅವರಿಗೆ ಬಂತು.

ಅಲ್ಲಿಗೇ ಬಿಟ್ಟಿದ್ದರೆ ಅದೂ ಒಂದು ಬಸ್ ಸ್ಟಾಪ್ ಔಷಧಿಯಾಗುತ್ತಿತ್ತು. ಸ್ಟೋನ್ ಹಾಗೆ ಬಿಡಲಿಲ್ಲ. ಸುಮಾರು ಅರ್ಧ ಕಿಲೋ ಚಕ್ಕೆ ಕೂಡಿಸಿ ಚೀಲಕ್ಕೆ ತುಂಬಿ, ಬ್ರೆಡ್ ಸುಡುವವರ ಒಲೆಯ ಹೊರಮೈಗೆ ತಗುಲಿಸಿಟ್ಟು ಮೂರು ತಿಂಗಳಿಗೂ ಹೆಚ್ಚು ಒಣಗಿಸಿದರು. ನಾವು ಸಂಡಿಗೆ ಒಣಗಿಸಲು ಪಡುವ ತಾಳ್ಮೆಯನ್ನೂ ಮೀರಿಸಿದ ತಾಳ್ಮೆ! ಆಮೇಲೆ ಕುಟ್ಟಿ ಪುಡಿ ಮಾಡಿ, ಚಳಿಜ್ವರ ಬಂದವರಿಗೆ ಮೊದಲು ಸುಮಾರು 1.3 ಗ್ರಾಮಿನಷ್ಟೇ ಕೊಟ್ಟರು. ನಾಲ್ಕು ಗಂಟೆಗೊಮ್ಮೆ. ತೊಂದರೆ ಆಗಲಿಲ್ಲ ಎಂದು ಕಂಡ ಮೇಲೆ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಏರಿಸಿದರು. ಸಾರಿಗೆ ಉಪ್ಪು ಹಾಕಿ, ರುಚಿ ನೋಡಿ, ಮತ್ತೆ ಹಾಕುವಂತೆ.

ಹೀಗೆ ಐದು ವರ್ಷ, ಸುಮಾರು 50 ಜನರಿಗೆ ಕೊಟ್ಟು ನೋಡಿ, 1763ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ಬಹುಪಾಲು ಜನರಿಗೆ ಗುಣ ಕಂಡಿತು ಎಂದಷ್ಟೇ ಬರೆದು ಮುಗಿಸಲಿಲ್ಲ. ಕೆಲವು ಬಗೆಯ ಹಟಮಾರಿ ಜ್ವರಗಳಲ್ಲಿ ಇದೊಂದೇ ಸಾಲಲಿಲ್ಲ, ಐದರಲ್ಲೊಂದು ಪಾಲು ಸಿಂಕೋನಾ ಬೆರೆಸಬೇಕಾಯಿತು ಎಂದೂ ಬರೆದರು. ಎಲ್ಲಿ ಕೆಲಸ ಮಾಡಲಿಲ್ಲ ಅನ್ನೋದನ್ನು ಹೇಳುವ ಈ ಒಂದು ಸಾಲಿದೆಯಲ್ಲ, ಅದೇ ಪರೀಕ್ಷೆಗೂ ಪ್ರಚಾರಕ್ಕೂ ಇರುವ ವ್ಯತ್ಯಾಸ.

ಜ್ವರ ಇಳಿದರೆ ಕಾಯಿಲೆ ಹೋಯ್ತಾ?

ಇಲ್ಲೊಂದು ಸೂಕ್ಷ್ಮವಿದೆ. ಚಳಿಜ್ವರ ಅಂದರೆ ಬಹುತೇಕ ಮಲೇರಿಯಾ. ಸಿಂಕೋನಾ ಚಕ್ಕೆಯಲ್ಲಿ ಕ್ವಿನೈನ್ ಇದೆ. ಅದು ರಕ್ತದಲ್ಲಿರುವ ಮಲೇರಿಯಾದ ಪರಾವಲಂಬಿ ಜೀವಿಯನ್ನೇ ಕೊಲ್ಲುತ್ತದೆ. ವಿಲ್ಲೋ ಚಕ್ಕೆಗೆ ಆ ಶಕ್ತಿ ಇಲ್ಲ. ಅದು ಜ್ವರ ಇಳಿಸುತ್ತದೆ, ಮೈಕೈ ನೋವು ತಗ್ಗಿಸುತ್ತದೆ, ಅಷ್ಟೇ. ನೋಡುವವರಿಗೆ ಎರಡೂ ಒಂದೇ. ರೋಗಿ ಎದ್ದು ಕೂತ, ಗಂಜಿ ಕುಡಿದ!

ನಮ್ಮ ಮನೆಗಳಲ್ಲಿ ದಿನಾ ನಡೆಯುವುದೂ ಇದೇ. ನೋವು ಇಳಿಯಿತು ಅಂದ ಮಾತ್ರಕ್ಕೆ ನೋವಿನ ಕಾರಣ ಹೋಯಿತು ಅಂತಲ್ಲ. ನಮ್ಮ ಪರಿಚಯದ ಟೀಚರೊಬ್ಬರು ಬೆರಳಿನ ಗಂಟುಗಳ ಊತಕ್ಕೆ ಎರಡು ವರ್ಷ ಕಷಾಯ ಕುಡಿದರು. ಕುಡಿದಾಗ ಹಾಯೆನಿಸುತ್ತಿತ್ತಂತೆ. ಕೊನೆಗೆ ಸೀಮೆಸುಣ್ಣ ಹಿಡಿಯಲು ಆಗದೇ ಹೋದಾಗ ಡಾಕ್ಟರ ಹತ್ತಿರ ಹೋದರು. ರುಮಟಾಯ್ಡ್ ಸಂಧಿವಾತ ಎಂದರು. ಇದು ದೇಹದ ರಕ್ಷಣಾ ಪಡೆಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮೊದಲ ತಿಂಗಳುಗಳಲ್ಲೇ ಸರಿಯಾದ ಔಷಧಿ ಶುರುವಾದರೆ ಕೀಲು ಉಳಿಯುತ್ತದೆ. ತಡವಾದರೆ ಸವೆದ ಕೀಲು ಮರಳಿ ಬರುವುದಿಲ್ಲ. ಆ ಟೀಚರಿಗೆ ಕಷಾಯ ನೇರವಾಗಿ ಏನೂ ಕೆಟ್ಟದ್ದು ಮಾಡಲಿಲ್ಲ. ಆದರೆ ಅವರ ಎರಡು ವರ್ಷಗಳನ್ನು ಕುಡಿದುಬಿಟ್ಟಿತು.

ಚಕ್ಕೆಯೊಳಗಿನ ಸತ್ವ

ಮತ್ತೆ ವಿಲ್ಲೋ ಮರಕ್ಕೆ ಬರೋಣ. ಸ್ಟೋನ್ ಅವರ ಪತ್ರದ ನಂತರ ಮುಂದಿನ ಪ್ರಶ್ನೆ ಎದ್ದಿತು. ಇಷ್ಟು ಚಕ್ಕೆಯಲ್ಲಿ ಕೆಲಸ ಮಾಡುವುದು ಯಾವುದು? 1828ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಯೋಹಾನ್ ಬುಕ್ನರ್ ಚಕ್ಕೆಯಿಂದ ಹಳದಿ ಬಣ್ಣದ ಕಹಿ ವಸ್ತುವೊಂದನ್ನು ಬೇರ್ಪಡಿಸಿದರು. ಅದಕ್ಕೆ ಸ್ಯಾಲಿಸಿನ್ ಎಂದು ಹೆಸರು. ಮರುವರ್ಷ ಫ್ರಾನ್ಸಿನ ಆಂರಿ ಲರೂ ಒಂದೂವರೆ ಕಿಲೋ ಚಕ್ಕೆಯಿಂದ ಸುಮಾರು 30 ಗ್ರಾಂ ಶುದ್ಧ ಹರಳು ತೆಗೆದರು. 1838ರಲ್ಲಿ ಇಟಲಿಯ ರಫಾಯೆಲೆ ಪಿರಿಯಾ ಅದರಿಂದ ಸ್ಯಾಲಿಸಿಲಿಕ್ ಆಮ್ಲ ಪಡೆದರು.

ಇದನ್ನು ಕೀಲುನೋವಿಗೆ ಗಂಭೀರವಾಗಿ ಪರೀಕ್ಷಿಸಿದವರು ಸ್ಕಾಟ್ಲೆಂಡಿನ ಡಂಡೀ ಊರಿನ ವೈದ್ಯ ಥಾಮಸ್ ಮ್ಯಾಕ್ಲಗನ್. ಮೈ ಸುಡುವ ಜ್ವರದ ಜೊತೆ ಕೀಲುಗಳೆಲ್ಲ ಬಾತುಕೊಳ್ಳುವ ಕಾಯಿಲೆ ಆಗ ಆ ಕಡೆ ಬಹಳವಿತ್ತು. ರೋಗಿಗೆ ಕೊಡುವ ಮೊದಲು ಅವರು ಸ್ಯಾಲಿಸಿನ್ನನ್ನು ತಾವೇ ನುಂಗಿ ನೋಡಿದರು. ಮೊದಲು ಚೂರು, ಆಮೇಲೆ ಅದರ ಎರಡರಷ್ಟು, ಕೊನೆಗೆ ಸುಮಾರು 2 ಗ್ರಾಂ. ಏನೂ ಆಗಲಿಲ್ಲ. ಬಳಿಕ ರೋಗಿಗಳಿಗೆ ಕೊಟ್ಟರು. ಜ್ವರವೂ ಇಳಿಯಿತು, ಕೀಲಿನ ಊತವೂ ತಗ್ಗಿತು. 1876ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರ ವರದಿ ಬಂತು.

ಹೊತ್ತಿಗೆ ಸರಿಯಾಗಿ ಸ್ಯಾಲಿಸಿಲಿಕ್ ಆಮ್ಲವನ್ನು ಕಾರ್ಖಾನೆಯಲ್ಲೇ ಅಗ್ಗವಾಗಿ ತಯಾರಿಸಲು ಶುರುಮಾಡಿದ್ದರು. ನೋವೇನೋ ಹೋಗುತ್ತಿತ್ತು, ಹೊಟ್ಟೆ ಮಾತ್ರ ಉರಿಯೋ ಉರಿ! ಅದನ್ನು ಸ್ವಲ್ಪ ಸೌಮ್ಯ ಮಾಡಲು ಹೊರಟಾಗ ಸಿಕ್ಕಿದ್ದೇ ನಮಗೆಲ್ಲ ಗೊತ್ತಿರುವ ಮಾತ್ರೆ. ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ ಅದು ತಯಾರಾಗಿದ್ದು 1897ರಲ್ಲಿ, ಆಸ್ಪಿರಿನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದದ್ದು 1899ರಲ್ಲಿ.

ಹೇಗೆ ಕೆಲಸ ಮಾಡುತ್ತೆ ಅನ್ನೋ ಗುಟ್ಟು ರಟ್ಟಾಗಿದ್ದು ಇನ್ನೂ ತಡವಾಗಿ, 1971ರಲ್ಲಿ. ನಮ್ಮ ಮೈಯಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುಗಳು ತಯಾರಾಗುತ್ತವೆ. ಪೆಟ್ಟು ಬಿದ್ದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದರಲ್ಲಿ ಇವುಗಳ ಕೈವಾಡ ದೊಡ್ಡದು. ಆಸ್ಪಿರಿನ್ ಜಾತಿಯ ಔಷಧಿಗಳು ಇವುಗಳ ಉತ್ಪಾದನೆಯನ್ನೇ ತಡೆಯುತ್ತವೆ ಎಂದು ಬ್ರಿಟನ್ನಿನ ಜಾನ್ ವೇನ್ ತೋರಿಸಿಕೊಟ್ಟರು. 1982ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಹೊಟ್ಟೆ ಉರಿಯುವುದು ಯಾಕೆ ಅನ್ನೋದಕ್ಕೂ ಇಲ್ಲೇ ಉತ್ತರ. ಜಠರದ ಒಳಪದರವನ್ನು ಹುಳಿರಸದಿಂದ ಕಾಯುವುದೂ ಇದೇ ಪ್ರೋಸ್ಟಾಗ್ಲಾಂಡಿನ್. ನೋವಿನ ಬಾಗಿಲು ಮುಚ್ಚುವಾಗ ಹೊಟ್ಟೆಯ ಕಾವಲುಗಾರನೂ ಹೊರಗುಳಿಯುತ್ತಾನೆ.

ಇಲಿಯ ಪಾದದಿಂದ ನಮ್ಮ ಮಂಡಿಗೆ

"ಆ ಚಕ್ಕೆ ವಿಜ್ಞಾನದಿಂದ ಸಾಬೀತಾಗಿದೆ" ಎಂಬ ಮಾತು ನಮ್ಮ ಮರಗಳ ಬಗ್ಗೆಯೂ ಕೇಳುತ್ತಿರುತ್ತೀರಿ. ಅನೇಕ ಸಲ ಈ ಮಾತಿನ ಹಿಂದಿರುವುದು ಇಲಿಯ ಪ್ರಯೋಗ. ಫಾರ್ಮಸಿ ಕಾಲೇಜುಗಳಲ್ಲಿ ಇದು ಹೇಗೆ ನಡೆಯುತ್ತದೆ ಗೊತ್ತಾ?

ಮೊದಲು ಸಸ್ಯಶಾಸ್ತ್ರ ಬಲ್ಲವರಿಂದ 'ಇದು ಇಂಥದ್ದೇ ಮರ' ಎಂದು ಗುರುತು ಹಿಡಿಸುತ್ತಾರೆ. ರೆಂಬೆ, ಎಲೆ, ಹೂವನ್ನು ಒಣಗಿಸಿ ಸಾಕ್ಷಿಗಾಗಿ ಎತ್ತಿಡುತ್ತಾರೆ. ಚಕ್ಕೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲಿನಲ್ಲೋ ಸತ್ವ ಇಳಿಸುತ್ತಾರೆ. ಕಾಫಿ ಡಿಕಾಕ್ಷನ್ ಇಳಿಸಿದ ಹಾಗೇ ಅನ್ನಿ, ಆದರೆ ಆಮೇಲೆ ದ್ರವವನ್ನೆಲ್ಲ ಆವಿ ಮಾಡಿ ಗಟ್ಟಿ ಸತ್ವವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಲು ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ.

ಇಲಿಯ ಹಿಂಗಾಲಿನ ಪಾದಕ್ಕೆ ಕ್ಯಾರಜೀನನ್ ಎಂಬ ವಸ್ತುವನ್ನು ಚುಚ್ಚುತ್ತಾರೆ. ಇದು ಕೆಂಪು ಕಡಲಪಾಚಿಯಿಂದ ತೆಗೆದದ್ದು. ಪಾದ ಊದಿಕೊಳ್ಳುತ್ತದೆ. ಆ ಪಾದವನ್ನು ದ್ರವದೊಳಗೆ ಅದ್ದಿ, ಎಷ್ಟು ದ್ರವ ಮೇಲೇರಿತು ಎಂಬುದರಿಂದ ಊತವನ್ನು ಗಂಟೆ ಗಂಟೆಗೂ ಅಳೆಯುತ್ತಾರೆ. ಒಂದು ಗುಂಪಿನ ಇಲಿಗಳಿಗೆ ಚಕ್ಕೆಯ ಸತ್ವ, ಇನ್ನೊಂದಕ್ಕೆ ಡೈಕ್ಲೋಫಿನಾಕ್‌ನಂಥ ಗೊತ್ತಿರುವ ಮಾತ್ರೆ, ಮತ್ತೊಂದಕ್ಕೆ ಔಷಧಿಯೇ ಇಲ್ಲ. ನೋವು ಅಳೆಯಲು ಬೇರೆ ವಿಧಾನ. ಸುಮಾರು 55 ಡಿಗ್ರಿ ಬಿಸಿಯಿರುವ ತಟ್ಟೆಯ ಮೇಲೆ ಬಿಟ್ಟಾಗ ಎಷ್ಟು ಸೆಕೆಂಡಿಗೆ ಪಾದ ನೆಕ್ಕುತ್ತದೆ, ಎಷ್ಟು ಹೊತ್ತಿಗೆ ಹಾರುತ್ತದೆ ಎಂದು ನೋಡುತ್ತಾರೆ. ಅಪಾಯ ಆಗುವ ಮೊದಲೇ ಎತ್ತಿಬಿಡುತ್ತಾರೆ.

ಸತ್ವ ಕೊಟ್ಟ ಇಲಿಗಳ ಪಾದ ಕಡಿಮೆ ಊದಿದರೆ ಅದು ಒಳ್ಳೇ ಸುಳಿವು. ಆದರೆ ಸುಳಿವು ಮಾತ್ರ! ಇಲಿಯ ಊತ ಹುಟ್ಟಿದ್ದು ಇವತ್ತು ಬೆಳಗ್ಗೆ. ನಮ್ಮ ಮಂಡಿ ಸವೆದಿದ್ದು 20 ವರ್ಷ ನೆಲ ಸಾರಿಸಿ, ಬಟ್ಟೆ ಒಗೆದು, ಮೆಟ್ಟಿಲು ಹತ್ತಿ ಇಳಿದು. ಇಲಿಗೆ ಕೊಟ್ಟ ಅಳತೆಯೂ ನಮ್ಮ ಲೋಟಕ್ಕೆ ಹೊಂದುವುದಿಲ್ಲ. ಪ್ರಯೋಗದಲ್ಲಿ ಇಲಿಗೆ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಕೊಟ್ಟಿದ್ದಾರೆ ಎನ್ನಿ. 60 ಕಿಲೋ ತೂಗುವ ಹೆಂಗಸಿಗೆ ನೇರ ಗುಣಿಸಿದರೆ 24 ಗ್ರಾಂ ಆಗುತ್ತೆ. ಆದರೆ ವಿಜ್ಞಾನಿಗಳು ದೇಹದ ಮೇಲ್ಮೈ ಲೆಕ್ಕ ಹಾಕಿ ಇಲಿಯ ಪ್ರಮಾಣವನ್ನು ಸುಮಾರು ಆರರಿಂದ ಭಾಗಿಸುತ್ತಾರೆ. ಆಗ 4 ಗ್ರಾಮಿನ ಆಸುಪಾಸು. 24 ಎಲ್ಲಿ, 4 ಎಲ್ಲಿ? ಅದೂ ಗಟ್ಟಿ ಸತ್ವದ ಲೆಕ್ಕ, ಬರೀ ಚಕ್ಕೆಯದಲ್ಲ. 'ಒಂದು ಹಿಡಿ ಚಕ್ಕೆ, ನಾಲ್ಕು ಲೋಟ ನೀರು' ಅನ್ನುವಾಗ ನಮ್ಮ ಹೊಟ್ಟೆಗೆ ಹೋಗುತ್ತಿರುವುದು ಎಷ್ಟು ಎಂದು ಅಳೆದವರು ಯಾರೂ ಇಲ್ಲ.

ಮನುಷ್ಯರಿಗೆ ಕೊಟ್ಟಾಗ ಏನಾಯ್ತು?

ವಿಲ್ಲೋ ಚಕ್ಕೆಯ ವಿಶೇಷ ಏನೆಂದರೆ, ಅದನ್ನು ಮನುಷ್ಯರ ಮೇಲೂ ಸರಿಯಾಗಿ ಪರೀಕ್ಷೆ ಮಾಡಿದ್ದಾರೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೊಂಟನೋವು ಕೆರಳಿದ್ದ 210 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 240 ಮಿಲಿಗ್ರಾಂ ಸ್ಯಾಲಿಸಿನ್ ಇರುವ ಚಕ್ಕೆಯ ಸತ್ವ, ಇನ್ನೊಂದಕ್ಕೆ ಅದರ ಅರ್ಧ, ಮೂರನೆಯದಕ್ಕೆ ನೋಡಲು ಹಾಗೇ ಇರುವ, ಔಷಧಿಯೇ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಅನ್ನೋದು ರೋಗಿಗೂ ಗೊತ್ತಿಲ್ಲ, ಕೊಡುವ ವೈದ್ಯರಿಗೂ ಗೊತ್ತಿಲ್ಲ. ನಾಲ್ಕನೇ ವಾರ ನೋಡಿದರೆ, ನೋವಿಲ್ಲದವರು ಹೆಚ್ಚು ಪ್ರಮಾಣದ ಗುಂಪಿನಲ್ಲಿ ಶೇ 39, ಅರ್ಧ ಪ್ರಮಾಣದ ಗುಂಪಿನಲ್ಲಿ ಶೇ 21, ಹುಸಿ ಮಾತ್ರೆಯವರಲ್ಲಿ ಶೇ 6. ಅಂದರೆ ಚಕ್ಕೆ ಕೆಲಸ ಮಾಡಿತ್ತು! ಒಬ್ಬರಿಗೆ ಮಾತ್ರ ತೀವ್ರ ಅಲರ್ಜಿಯಾಯಿತು. ಅದನ್ನೂ ವರದಿಯಲ್ಲಿ ಬರೆದರು.

ಹಾಗಾದರೆ ಮಂಡಿ ನೋವಿಗೂ ಆಗುತ್ತೆ ಅಲ್ವಾ? ತಡೆಯಿರಿ. 2004ರಲ್ಲಿ ಜರ್ಮನಿಯ ಸಂಶೋಧಕರು ಮಂಡಿ ಅಥವಾ ತೊಡೆಸಂದಿನ ಕೀಲು ಸವೆದ 127 ಜನರಿಗೆ ಆರು ವಾರ ಇದೇ 240 ಮಿಲಿಗ್ರಾಂ ಪ್ರಮಾಣ ಕೊಟ್ಟು ನೋಡಿದರು. ನೋವು ಇಳಿದದ್ದು ಡೈಕ್ಲೋಫಿನಾಕ್ ತೆಗೆದುಕೊಂಡವರಲ್ಲಿ ಶೇ 47, ಚಕ್ಕೆಯವರಲ್ಲಿ ಶೇ 17, ಹುಸಿ ಮಾತ್ರೆಯವರಲ್ಲಿ ಶೇ 10. ಚಕ್ಕೆಗೂ ಹುಸಿ ಮಾತ್ರೆಗೂ ನಡುವಿನ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಿರಲಿಲ್ಲ. ರುಮಟಾಯ್ಡ್ ಸಂಧಿವಾತದ 26 ಜನರಲ್ಲೂ ಅದರಿಂದ ಹೇಳಿಕೊಳ್ಳುವ ಪ್ರಯೋಜನ ಕಾಣಲಿಲ್ಲ. ಇದೇ ಜರ್ಮನಿಯಲ್ಲಿ 2001ರಲ್ಲಿ ಪ್ರಕಟವಾದ, 78 ಜನರ ಎರಡು ವಾರದ ಅಧ್ಯಯನದಲ್ಲಿ ಕೀಲು ಸವೆತದ ನೋವು ಶೇ 14ರಷ್ಟು ತಗ್ಗಿತ್ತು. ಇದ್ದರೂ ಅಷ್ಟೇ ಅನ್ನಿ.

ಗಮನಿಸಿದಿರಾ? ಔಷಧಿ ಒಂದೇ, ಅಳತೆ ಒಂದೇ. ಸೊಂಟಕ್ಕೆ ಒಗ್ಗಿದ್ದು ಮಂಡಿಗೆ ಒಗ್ಗಲಿಲ್ಲ. ಯೂರೋಪಿನ ಔಷಧ ಸಂಸ್ಥೆ ಕೂಡ ವಿಲ್ಲೋ ಚಕ್ಕೆಯ ಸತ್ವವನ್ನು ವಯಸ್ಕರ ಸೊಂಟನೋವಿಗೆ, ಸ್ವಲ್ಪ ದಿನದ ಮಟ್ಟಿಗೆ ಬಳಸಲು ಒಪ್ಪಿದೆ. ಕೀಲಿನ ಸಣ್ಣಪುಟ್ಟ ನೋವಿಗೆ ಎಂಬುದನ್ನು 'ಪರಂಪರೆಯ ಬಳಕೆ' ಎಂಬ ಬೇರೆ ಪಟ್ಟಿಯಲ್ಲಿ ಇಟ್ಟಿದೆ. "ನೋವಿಗೆ ಒಳ್ಳೇದು" ಎಂದು ಯಾರಾದರೂ ಅಂದಾಗ "ಯಾವ ನೋವಿಗೆ?" ಎಂದು ಮರುಪ್ರಶ್ನೆ ಹಾಕುವುದನ್ನು ಮರೆಯಬೇಡಿ.

ಹೆಸರು ಅಶೋಕ, ಮರ ಯಾವುದು?

ನಮ್ಮ ಕಡೆಯ ಮರಗಳಲ್ಲಿ ಹೆಂಗಸರಿಗೆ ಹೆಚ್ಚು ಪರಿಚಯವಿರುವುದು ಅಶೋಕ. ಮುಟ್ಟಿನ ಹೊಟ್ಟೆನೋವಿಗೆ, ಅತಿ ಸ್ರಾವಕ್ಕೆ ಆಯುರ್ವೇದದಲ್ಲಿ ಇದರ ಚಕ್ಕೆ ಬಳಸುತ್ತಾರೆ. ಅಶೋಕಾರಿಷ್ಟ ಗೊತ್ತಲ್ಲ, ಅದೇ. ಆದರೆ ರಸ್ತೆ ಬದಿಯಲ್ಲಿ, ಶಾಲೆಯ ಕಾಂಪೌಂಡಿನಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತಿರುತ್ತದಲ್ಲ, ಅದು ಔಷಧಿಯ ಅಶೋಕ ಅಲ್ಲ! ಅದು ಬೇರೆಯೇ ಕುಟುಂಬದ ಮರ. ನಿಜವಾದ ಅಶೋಕ ಹರಡಿಕೊಂಡು ಬೆಳೆಯುತ್ತದೆ, ಕಿತ್ತಳೆ-ಕೆಂಪು ಹೂವಿನ ಗೊಂಚಲು ಬಿಡುತ್ತದೆ.

ಒಣಗಿಸಿ ಚೂರು ಮಾಡಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಶೋಕ ಚಕ್ಕೆ ಎಂದು ಮಾರುತ್ತಿದ್ದ ಸರಕನ್ನು ಡಿಎನ್‌ಎ ಪರೀಕ್ಷೆಗೆ ಒಡ್ಡಿದಾಗ ಶೇ 80ಕ್ಕೂ ಹೆಚ್ಚು ಮಾದರಿಗಳು ಅಸಲಿ ಅಶೋಕವಾಗಿರಲಿಲ್ಲ. ಆ ಚಕ್ಕೆ ಕುಡಿದು ಗುಣ ಕಾಣದೆ "ಆಯುರ್ವೇದ ಕೆಲಸಕ್ಕೆ ಬಾರದು" ಅಂದರೆ ತಪ್ಪು ಯಾರದು?

ಮರದ ಪಾಡನ್ನೂ ಸ್ವಲ್ಪ ಯೋಚಿಸಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಸುತ್ತಲೂ ತೊಗಟೆ ಸುಲಿದರೆ ಬೇರು ಹಸಿದು ಮರ ಒಣಗುತ್ತದೆ. ಹೀಗೆ ಸುಲಿದು ಸುಲಿದೇ ಕಾಡಿನ ಅಶೋಕ ಈಗ ಅಪಾಯದಂಚಿನ ಮರಗಳ ಪಟ್ಟಿ ಸೇರಿದೆ. ಹಿತ್ತಲಲ್ಲಿ ಜಾಗವಿದ್ದರೆ ಒಂದು ಸಸಿ ನೆಡಿ. ಹೂವು ನೋಡಿದರೂ ಮನಸ್ಸಿಗೆ ಮದ್ದೇ.

ಇವರು ದೂರ ಇರಿ

ಚಕ್ಕೆ ನೋವು ಇಳಿಸುತ್ತದೆ ಅಂದ ಮೇಲೆ ಅದು ಔಷಧಿ. ಔಷಧಿಗೆ ಇರುವ ಅಪಾಯವೂ ಅದಕ್ಕಿದೆ. 'ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ' ಎಂಬ ಮಾತು ಗುಣವೇ ಇಲ್ಲದ ಚಕ್ಕೆಗೆ ಮಾತ್ರ ಒಪ್ಪುತ್ತದೆ. ವಿಲ್ಲೋ ಸತ್ವ ದೇಹದಲ್ಲಿ ಆಸ್ಪಿರಿನ್ನಿನ ಹತ್ತಿರದ ಬಂಧುವೇ ಆಗುತ್ತದೆ. ಆನ್‌ಲೈನ್‌ನಲ್ಲಿ ಕ್ಯಾಪ್ಸೂಲ್ ರೂಪದಲ್ಲೂ ಸಿಗುತ್ತದೆ. ಹಾಗಾಗಿ ಈ ಕೆಳಗಿನವರು ಅದರ ತಂಟೆಗೆ ಹೋಗಬೇಡಿ. ಬೇರೆ ಚಕ್ಕೆಗಳ ವಿಷಯದಲ್ಲೂ ಡಾಕ್ಟರನ್ನು ಕೇಳದೆ ಶುರುಮಾಡಬೇಡಿ.

* ಆಸ್ಪಿರಿನ್ ಅಥವಾ ನೋವಿನ ಮಾತ್ರೆಗೆ ಅಲರ್ಜಿ ಇರುವವರು, ಅದರಿಂದ ಉಬ್ಬಸ ಕೆರಳುವವರು.

* ಹೊಟ್ಟೆಹುಣ್ಣು ಇರುವವರು, ಕಪ್ಪಗೆ ಮಲ ಹೋದ ಅನುಭವ ಆದವರು.

* ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಅಥವಾ ಲಕ್ವ ಹೊಡೆದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು. ಹೆಚ್ಚಿನ ಅತ್ತೆ ಮಾವಂದಿರು ಈ ಗುಂಪಿನಲ್ಲೇ ಇರುತ್ತಾರೆ!

* ಕಿಡ್ನಿ, ಲಿವರ್ ತೊಂದರೆ ಇರುವವರು.

* ಬಸುರಿಯರು, ಅದರಲ್ಲೂ ಕೊನೆಯ ಮೂರು ತಿಂಗಳಿನವರು. ಎದೆಹಾಲು ಕುಡಿಸುವವರು.

* ಮಕ್ಕಳು. ವೈರಲ್ ಜ್ವರ, ಸೀತಾಳೆ ಸಿಡುಬು ಇದ್ದಾಗ ಆಸ್ಪಿರಿನ್ ಜಾತಿಯ ಔಷಧಿ ಮಕ್ಕಳ ಮಿದುಳು, ಲಿವರಿಗೆ ಕುತ್ತು ತರಬಲ್ಲದು.

* ಡೆಂಗಿ ಅನುಮಾನವಿರುವ ಯಾರೇ ಆಗಲಿ. ಈ ಜಾತಿಯ ಔಷಧಿಯಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇನ್ನೊಂದು ಎಚ್ಚರಿಕೆ. ಹೆಸರು, ವಿಳಾಸ ಯಾವುದೂ ಇಲ್ಲದ ಪೊಟ್ಟಣದ ಪುಡಿ, ಗುಳಿಗೆ ತಿಂದು ಎರಡೇ ದಿನಕ್ಕೆ ನೋವೆಲ್ಲ ಮಾಯವಾದರೆ ಖುಷಿ ಪಡುವ ಬದಲು ಅನುಮಾನ ಪಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ಮುಖ ಊದುವುದು, ಸಕ್ಕರೆ ಕಾಯಿಲೆ ಏರುವುದು ಇದರ ಲಕ್ಷಣ. ಬಹಳ ದಿನ ತಿಂದಿದ್ದರೆ ದಿಢೀರನೆ ನಿಲ್ಲಿಸುವುದೂ ಅಪಾಯ. ಪೊಟ್ಟಣ ಸಮೇತ ಡಾಕ್ಟರ ಬಳಿ ಹೋಗಿ.

ಮನೆಯಲ್ಲೇ ಲೆಕ್ಕ ಇಡಿ

ಹಾಗಂತ ಕಷಾಯದ ಪಾತ್ರೆಯನ್ನು ಅಟ್ಟಕ್ಕೆ ಹಾಕಿ ಅಂತ ಹೇಳುತ್ತಿಲ್ಲ. ಮೊದಲು ನೋವು ಯಾಕೆ ಅನ್ನೋದನ್ನು ಡಾಕ್ಟರರಿಂದ ತಿಳಿದುಕೊಳ್ಳಿ. ಆಮೇಲೆ ಕಲಿತ ಆಯುರ್ವೇದ ವೈದ್ಯರ ಸಲಹೆಯಂತೆ ಚಕ್ಕೆ ಬಳಸುವುದಾದರೆ ಹೀಗೆ ಮಾಡಿ ನೋಡಿ.

* ಶುರುಮಾಡುವ ಮುಂಚೆಯೇ ಒಂದು ವಾರ, ಕ್ಯಾಲೆಂಡರಿನ ಖಾಲಿ ಜಾಗದಲ್ಲಿ ದಿನಾ ನೋವಿಗೆ ಅಂಕ ಹಾಕಿ. ನೋವೇ ಇಲ್ಲದಿದ್ದರೆ 0, ತಡೆಯಲಾಗದಿದ್ದರೆ 10. ಹಾಲಿನ ಲೆಕ್ಕ ಬರೆದ ಹಾಗೆ.

* ಒಂದು ಸಲಕ್ಕೆ ಒಂದೇ ಹೊಸ ಔಷಧಿ. ಕಷಾಯ, ಎಣ್ಣೆ, ಬೆಲ್ಟು ಎಲ್ಲಾ ಒಟ್ಟಿಗೆ ಶುರುಮಾಡಿದರೆ ಯಾವುದರಿಂದ ಗುಣ ಆಯ್ತು ಎಂದು ಬ್ರಹ್ಮನಿಗೂ ಗೊತ್ತಾಗಲ್ಲ.

* ಚಕ್ಕೆಯನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ವೈದ್ಯರು ಹೇಳಿದಷ್ಟು ತೂಕ, ಹೇಳಿದಷ್ಟು ನೀರು.

* ಎಷ್ಟು ದಿನ ನೋಡಬೇಕು ಎಂದು ವೈದ್ಯರನ್ನು ಮೊದಲೇ ಕೇಳಿ. ಅಷ್ಟರಲ್ಲಿ ಅಂಕ ಇಳಿಯದಿದ್ದರೆ ನಿಲ್ಲಿಸಿ. 'ಇನ್ನೊಂದು ತಿಂಗಳು ನೋಡೋಣ' ಎಂದು ಎಳೆಯಬೇಡಿ.

* ಡಾಕ್ಟರ ಬಳಿ ಹೋದಾಗ ಕಷಾಯದ ವಿಷಯ ಮುಚ್ಚಿಡಬೇಡಿ. ಬೈತಾರೆ ಅಂತ ಹೆದರಿ ಸುಮ್ಮನಾಗುವವರೇ ಜಾಸ್ತಿ. ಅವರು ಬರೆಯುವ ಮಾತ್ರೆಯ ಜೊತೆ ಅದು ಜಗಳವಾಡುತ್ತದೋ ಇಲ್ಲವೋ ಎಂದು ಹೇಳಲು ಅವರಿಗೆ ಅದು ಗೊತ್ತಿರಬೇಕು. ಆಪರೇಷನ್ ಇದ್ದರಂತೂ ಮರೆಯದೆ ಹೇಳಿ.

ಬೆಳಗ್ಗೆ ಎದ್ದಾಗ ಬೆರಳುಗಳು ಅರ್ಧ ಗಂಟೆಗೂ ಮೀರಿ ಬಿಗಿದುಕೊಂಡಿದ್ದರೆ, ಕೀಲು ಕೆಂಪಾಗಿ ಬಿಸಿಯಾಗಿ ಜ್ವರವೂ ಇದ್ದರೆ, ಸೊಂಟನೋವಿನ ಜೊತೆ ಕಾಲು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ, ನೋವಿನೊಂದಿಗೆ ತೂಕ ಇಳಿಯುತ್ತಿದ್ದರೆ ಯಾವ ಚಕ್ಕೆಯನ್ನೂ ಹುಡುಕಬೇಡಿ. ನೇರ ಆಸ್ಪತ್ರೆಗೆ ನಡೆಯಿರಿ.

ಮುಂದಿನ ಸಲ ಯಾರಾದರೂ "ಈ ಚಕ್ಕೆ ಕುಡೀರಿ" ಅಂದಾಗ ನಾಲ್ಕೇ ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ಮರ? ಯಾವ ನೋವಿಗೆ? ಎಷ್ಟು, ಎಷ್ಟು ದಿನ? ನಾನು ನುಂಗುವ ಮಾತ್ರೆಯ ಜೊತೆ ಆಗುತ್ತಾ? ನಾಲ್ಕಕ್ಕೂ ಉತ್ತರ ಸಿಕ್ಕಿದರೆ ವೈದ್ಯರ ಹತ್ತಿರ ಮಾತಾಡಿ. ಸಿಗದಿದ್ದರೆ ನಗುತ್ತಾ ಒಂದು ಲೋಟ ಕಾಫಿ ಕೊಟ್ಟು ಕಳಿಸಿ. ಮನೆಯವರೆಲ್ಲರ ನೋವಿಗೆ ಓಡಾಡುವ ನಾವು, ನಮ್ಮ ಮಂಡಿಯ ವಿಷಯದಲ್ಲೂ ಅಷ್ಟು ವಿಚಾರಿಸದಿದ್ದರೆ ಹೇಗೆ?